ಬಿಳಿ ಅಂಚಿನ ಡಬ್ಬಿ

ತಿಂಗಳ ಮೊದಲ ಶನಿವಾರ ಸಂಜೆ, ಬೈಂಡಿಂಗ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಊರಿನ ಡಿಸೈನರುಗಳೆಲ್ಲ ಸೇರುತ್ತಾರೆ. ಪುಸ್ತಕದ ಮುಖಪುಟ ಮಾಡುವವರು, ಅಂಗಡಿ ಬೋರ್ಡು ಬರೆಯುವವರು, ಔಷಧಿ ಪೆಟ್ಟಿಗೆಯ ಮೇಲೆ ಇರುವೆಯಂಥ ಅಕ್ಷರ ಜೋಡಿಸಿ ಜೋಡಿಸಿ ಕನ್ನಡಕದ ನಂಬರು ಏರಿಸಿಕೊಂಡವರು, ಇನ್ನೂ ಕಾಲೇಜಿನಲ್ಲಿ ಓದುತ್ತಿರುವವರು. ಮೊದಲು ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಕೇಳುವುದಿಲ್ಲ. ಅಲ್ಲಿ ಇನ್ನೊಂದು ಪದ್ಧತಿ ಇದೆ. ಮಾತಾಡಲು ಬಂದವರು ತಾವು ಮಾಡಿದ ಒಂದು ವಸ್ತುವನ್ನು ತಂದು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಬೇಕು. ಪರದೆಯ ಮೇಲೆ ತೋರಿಸಿ ಜಾರಿಕೊಳ್ಳುವ ಹಾಗಿಲ್ಲ. ಪರದೆಯ ಮೇಲೆ ಎಲ್ಲರ ಕೆಲಸವೂ ಚೆಂದವೇ, ಕೈಗೆ ಬಂದಾಗಲೇ ಬಂಡವಾಳ ಬಯಲಾಗುವುದು ಎನ್ನುತ್ತಾರೆ ಸಂಘದ ಕಾರ್ಯದರ್ಶಿ. ಮಾತು ಕಟುವಾದರೂ ಸುಳ್ಳಲ್ಲ.

ಆ ಶನಿವಾರ ಕೈಯಿಂದ ಕೈಗೆ ಹೊರಟದ್ದು ಒಂದು ಚಹಾ ಡಬ್ಬಿ. ಕಡು ಹಸಿರು ಲೇಬಲ್ಲು, ಸುತ್ತಲೂ ತೆಳ್ಳಗೆ ಒಂದು ಬಿಳಿ ಅಂಚು. ಹದಿನಾಲ್ಕು ವರ್ಷದ ಹಿಂದೆ ಅಂಗಡಿಗಳ ಕಪಾಟಿನಲ್ಲಿ ನೂರು ಡಬ್ಬಿಗಳ ನಡುವೆಯೂ ಅದೊಂದೇ ಎದ್ದು ಕಾಣುತ್ತಿತ್ತು. ಅದನ್ನು ಮಾಡಿದವಳಿಗೆ ಒಳ್ಳೆಯ ಕೆಲಸ ಸಿಕ್ಕಿದ್ದು ಅದರಿಂದ, ಹೆಸರು ಬಂದದ್ದು ಅದರಿಂದ. ಸಂಘದಲ್ಲಿ ಅವಳನ್ನು ಈಗಲೂ ಕರೆಯುವುದು 'ಬಿಳಿ ಅಂಚು' ಎಂದೇ. ಕಾಲೇಜಿನ ಹುಡುಗಿಯರು ತಮ್ಮ ಕೆಲಸಕ್ಕೂ ಅಂಥದ್ದೇ ಅಂಚು ಹಾಕಿಕೊಂಡು ಬಂದು ತೋರಿಸುತ್ತಿದ್ದರು. ಆ ಅಂಚು ಹೇಗೆ ಹೊಳೆಯಿತು ಎಂದು ಕೇಳಿದವರಿಗೆಲ್ಲ ಅವಳು ಒಂದು ಕಥೆ ಹೇಳುತ್ತ ಬಂದಿದ್ದಳು. ಬಣ್ಣಕ್ಕೂ ಉಸಿರಾಡಲು ಜಾಗ ಬೇಕು, ಅದೂ ಇದೂ. ಹೇಳಿ ಹೇಳಿ ಕಥೆಗೆ ಹೊಳಪು ಬಂದಿತ್ತೇ ಹೊರತು ಅದರಲ್ಲಿ ನಿಜ ಮಾತ್ರ ಸಾಸಿವೆಯಷ್ಟೂ ಇರಲಿಲ್ಲ.

ನಿಜ ಏನೆಂದರೆ, ಆ ಅಂಚನ್ನು ಅವಳು ಹಾಕಿರಲೇ ಇಲ್ಲ. ಅಚ್ಚಿಗೆ ಕಳಿಸುವಾಗ ಬಣ್ಣವನ್ನು ಕತ್ತರಿಸುವ ಗೆರೆಯಿಂದ ಮೂರು ಮಿಲ್ಲಿಮೀಟರ್ ಆಚೆಗೂ ಹರಿಸಬೇಕು. ಕತ್ತಿ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಆಗ ಬಿಳಿ ಕಾಗದ ಇಣುಕುವುದಿಲ್ಲ. ಇದಕ್ಕೆ ಬ್ಲೀಡ್ ಬಿಡುವುದು ಎನ್ನುತ್ತಾರೆ. ಈ ಕಸುಬಿನಲ್ಲಿ ಇದು ಅ ಆ ಇ ಈ ಇದ್ದ ಹಾಗೆ. ಅವಳು ಮರೆತಿದ್ದಳು. ಐದು ಸಾವಿರ ಹಾಳೆ ಅಚ್ಚಾಗಿಹೋಗಿತ್ತು. ಡಬ್ಬಿ ಕೈಗೆ ಬಂದಾಗ ತಾನು ಕಂಡೇ ಇರದ ಅಂಚು ಅದರ ಮೇಲೆ ಕೂತಿತ್ತು, ನಾಲ್ಕೂ ಕಡೆ ಒಂದೇ ಅಳತೆ. ಓಡಿಹೋಗಿ ಫೈಲು ತೆಗೆದು ನೋಡಿದಾಗ ತಾನು ಬ್ಲೀಡ್ ಬಿಟ್ಟಿಲ್ಲವೆಂದು ಅವಳಿಗೆ ಗೊತ್ತಾಯಿತು. ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ನಿನ ಮುಂದೆ ನಿಂತಿದ್ದವರು ತಪ್ಪು ಹಿಡಿದು, ಗೆರೆಯ ಮೇಲೆ ಕತ್ತರಿಸದೆ ಬಣ್ಣದಿಂದ ಎರಡು ಮಿಲ್ಲಿ ಆಚೆಗೆ ಕತ್ತರಿಸಿದ್ದರು. ತಪ್ಪು ಚೆಲುವಾಗಿಬಿಟ್ಟಿತ್ತು. ಚಹಾ ಕಂಪನಿಯ ಮಾಲೀಕರು, "ಈ ಅಂಚು ಹೊಳೀತಲ್ಲ ನಿಮಗೆ, ಅದಕ್ಕೇ ದುಡ್ಡು ಕೊಡ್ಬೇಕು" ಎಂದಾಗ ಅವಳು ತಲೆಯಾಡಿಸಿದ್ದಳು. ಅಂದಿನಿಂದ ಆ ಹೊಗಳಿಕೆ ಬಾಯಲ್ಲಿ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಕತ್ತರಿಸಿದವರು ಇಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಅರ್ಧ ಮಿಲ್ಲಿ ಹೆಚ್ಚುಕಡಿಮೆಯಾದರೂ ಸಹಿಸದ ಅವರಿಗೆ ಪ್ರೆಸ್ಸಿನವರು ಇಟ್ಟ ಹೆಸರು ಅರೆಮಿಲ್ಲಿ ಯಜಮಾನರು. ಮುಂದಿನ ವಾರ ಕೆಲಸ ಬಿಟ್ಟು ದೂರದ ಮಗಳ ಮನೆಗೆ ಹೊರಡುವವರು. ಇಷ್ಟು ವರ್ಷದಲ್ಲಿ ನೂರು ಸಲ ಎದುರಾಗಿದ್ದರು, ಆ ಡಬ್ಬಿಯ ವಿಷಯವನ್ನು ಒಮ್ಮೆಯೂ ಎತ್ತಿರಲಿಲ್ಲ. ಸಭೆಗೆ ಬನ್ನಿ ಎಂದು ಮೂರು ಸಲ ಹೋಗಿ ಕರೆದಿದ್ದಳು. ಇವತ್ತು ನಿಜ ಹೇಳಿ, ನಾಲ್ಕು ಜನರೆದುರು ಅವರಿಗೆ ಕೈಮುಗಿಯಬೇಕು. ಹೇಳಿದರೆ ಹದಿನಾಲ್ಕು ವರ್ಷದ ಹೆಸರು ಹೋದೀತು. ಹೇಳದಿದ್ದರೆ ಮತ್ತೆ ಅವಕಾಶವಿಲ್ಲ.

ಮುಂದಿನ ಸಾಲಿನಲ್ಲಿ ಅವಳ ಅಕ್ಕ ಕೂತಿದ್ದಳು. ಅಕ್ಕ ದರ್ಜಿ. ನಾಲಿಗೆಗೂ ಕತ್ತರಿಗೂ ಒಂದೇ ಸಾಣೆ. ಜಗಳಕ್ಕೆ ನಿಂತರೆ ಮೂರನೇ ತರಗತಿಯಲ್ಲಿ ತಂಗಿ ಕಳೆದ ಕೊಡೆಯಿಂದ ಹಿಡಿದು ಮೊನ್ನೆ ಸೀದುಹೋದ ಹಾಲಿನವರೆಗೆ ಎಲ್ಲವನ್ನೂ ಸಾಲಾಗಿ ಎತ್ತಿ ಆಡುವವಳು. "ಬಣ್ಣ ಬಳಿಯೋದ್ರ ಮೇಲೂ ಭಾಷಣ ಮಾಡ್ತಾರಾ, ನೋಡೇಬಿಡೋಣ" ಎಂದು ತಾನಾಗಿಯೇ ಹೊರಟು ಬಂದಿದ್ದಳು.

ಡಬ್ಬಿ ಸಾಲು ದಾಟಿ ಯಜಮಾನರ ಕೈ ಸೇರಿತು. ಅವರು ಹೆಬ್ಬೆರಳಿನಿಂದ ಅಂಚನ್ನೊಮ್ಮೆ ಸವರಿ ಪಕ್ಕದವರಿಗೆ ಕೊಟ್ಟರು.

ಅವಳು ಬರೆದು ತಂದ ಕಾಗದ ತೆಗೆದಳು. ಮೊದಲ ಸಾಲು ಓದಲು ಹೋಗಿ ನಿಂತಳು. ಕಾಗದವನ್ನು ಮೇಜಿನ ಮೇಲಿಟ್ಟು, "ಈ ಅಂಚು ನಂದಲ್ಲ" ಎಂದಳು.

ಒಮ್ಮೆ ಬಾಯಿ ಬಿಟ್ಟಮೇಲೆ ಉಳಿದದ್ದು ತಾನಾಗಿ ಬಂತು. ಬ್ಲೀಡ್ ಮರೆತದ್ದು, ಯಜಮಾನರು ಅಂಚು ಬಿಟ್ಟು ಕತ್ತರಿಸಿದ್ದು, ಮಾಲೀಕರೆದುರು ತಲೆಯಾಡಿಸಿದ್ದು, ಇದೇ ಕೋಣೆಯಲ್ಲಿ ಎರಡು ಸಲ ಹೇಳಿದ ಉಸಿರಾಟದ ಕಥೆ. "ಆವತ್ತು ಇವರು ಮಾಲೀಕರಿಗೆ ಒಂದು ಮಾತು ಹೇಳಿದ್ರೆ ನಾನು ಈ ಕೆಲಸಾನೇ ಬಿಟ್ಟುಬಿಡ್ತಿದ್ದೆ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡು ಸುಮ್ಮನಿದ್ರು. ನಾನು ತಿಂದ ಅನ್ನದಲ್ಲಿ ಇವರ ಪಾಲಿದೆ" ಎಂದು ಕೊನೆಯ ಸಾಲಿನ ಕಡೆಗೆ ಕೈಮುಗಿದಳು.

ಕಾಲೇಜಿನ ಹುಡುಗಿಯೊಬ್ಬಳು ಡಬ್ಬಿಯನ್ನು ಮತ್ತೆ ಇಸಿದುಕೊಂಡು ಅಂಚನ್ನೇ ನೋಡಿದಳು. "ಸರ್, ಕಟಿಂಗ್ ಮಾಡೋದನ್ನ ಒಂದಿನ ಬಂದು ನೋಡಬಹುದಾ" ಎಂದು ಯಜಮಾನರನ್ನು ಕೇಳಿದಳು. ಕಾರ್ಯದರ್ಶಿ ಕನ್ನಡಕ ತೆಗೆದು, "ನಾನೂ ಬರ್ತೀನಿ. ಮೂವತ್ತು ವರ್ಷದಲ್ಲಿ ನಾನು ಮರೆತ ಬ್ಲೀಡು ಯಾರ್ಯಾರು ಮುಚ್ಚಿಹಾಕಿದ್ದಾರೋ" ಎಂದರು. ಅಲ್ಲಲ್ಲಿ ನಗು ಎದ್ದಿತು. ಹೆಸರು ಹೋಗಲಿಲ್ಲ ಎಂದು ಅವಳಿಗೆ ತಿಳಿದದ್ದು ಆಗ. ಅವಳ ಕಣ್ಣು ತುಂಬಿದವು.

ಯಜಮಾನರು ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು.

"ಅಷ್ಟು ದೊಡ್ಡ ಮಾತು ನನಗೆ ಬೇಡಮ್ಮ. ಕೇಳದೆ ಕತ್ತಿ ಇಳಿಸೋನಲ್ಲ ನಾನು. ಆವತ್ತು ನಿಮಗೆ ಫೋನ್ ಮಾಡಿದ್ದೆ."

"ನನಗಾ?"

"ನಿಮ್ಮ ಅಕ್ಕ ಎತ್ತಿದ್ರು. ಹೀಗ್ಹೀಗಾಗಿದೆ, ತಪ್ಪು ನಿಮ್ಮ ತಂಗೀದೇ ಅಂತ ಎಲ್ಲಾ ಬಿಡಿಸಿ ಹೇಳಿದೆ. 'ಮೂರು ದಿನದಿಂದ ಕಣ್ಣು ಮುಚ್ಚಿಲ್ಲ, ಈಗ ತಾನೇ ಮಲಗಿದ್ದಾಳೆ, ಎಬ್ಬಿಸಲ್ಲ' ಅಂದ್ರು. ಬಟ್ಟೆ ಕತ್ತರಿಸೋರಂತೆ. 'ಬಟ್ಟೆ ಸಾಲದೆ ಹೋದ್ರೆ ನಾವು ಅಂಚು ಕೊಟ್ಟು ಸರಿ ಮಾಡ್ತೀವಿ, ನಿಮ್ಮಲ್ಲಿ ಹಾಗೆ ಆಗಲ್ವಾ' ಅಂತ ಕೇಳಿದ್ರು. ಆಗುತ್ತೆ ಅಂದೆ. ಯಾರಿಗೂ ಹೇಳಬೇಡಿ ಅಂದ್ರು. ಹೇಳಲಿಲ್ಲ. ನಾನು ಮಾಡಿದ್ದು ಅಷ್ಟೇ."

ಎಲ್ಲರ ತಲೆಯೂ ಮುಂದಿನ ಸಾಲಿಗೆ ತಿರುಗಿತು. ಅಕ್ಕ ತೊಡೆಯ ಮೇಲಿನ ಚೀಲದ ಜಿಪ್ಪು ಎಳೆಯುತ್ತಿದ್ದಳು.

ಹದಿನಾಲ್ಕು ವರ್ಷ. ಅಷ್ಟರಲ್ಲಿ ಎಷ್ಟು ಜಗಳ, ಎಷ್ಟು ಮಾತು ಬಿಟ್ಟ ವಾರಗಳು. ಡಬ್ಬಿಯ ಜಂಬ ಕೊಚ್ಚಿಕೊಂಡು ಇವಳು ಅಕ್ಕನ ಹೊಲಿಗೆಯನ್ನು ಹಂಗಿಸಿದ ದಿನವೂ ಒಂದಿತ್ತು. ಆ ದಿನ ಅಕ್ಕ ಒಂದೇ ಒಂದು ಮಾತಿನಿಂದ ಇವಳ ಬಾಯಿ ಮುಚ್ಚಿಸಬಹುದಿತ್ತು. ಎದ್ದು ಒಳಗೆ ಹೋಗಿದ್ದಳು.

"ನಿನಗೆ ಮೊದಲಿಂದ ಗೊತ್ತಿತ್ತಾ ಅಕ್ಕಾ?"

"ಫೋನ್ ಎತ್ತಿದ್ದು ನಾನೇ ಅಲ್ವೇನೇ."

"ಒಂದಿನಾನೂ ಆಡಿ ತೋರಿಸಲಿಲ್ಲ."

"ಆಡ್ಕೊಳ್ಳೋಕೆ ನಿಂದು ಬೇರೆ ಬೇಕಾದಷ್ಟಿತ್ತು" ಎಂದಳು ಅಕ್ಕ. ಸಭೆಯೆಲ್ಲ ನಕ್ಕಿತು. ನಗು ಇಳಿದ ಮೇಲೆ ಅಕ್ಕ ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಹೇಳಿದಳು, "ಆ ಡಬ್ಬೀನ ನೀನು ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಿದ್ದೆ ಕಣೇ. ಅದನ್ನ ಹೇಗೆ ಕಿತ್ಕೊಳ್ಳಲಿ."

ಅವಳು ಇನ್ನೂ ಮುಕ್ಕಾಲು ಗಂಟೆ ಮಾತಾಡಬೇಕಿತ್ತು. ಮೇಜು ಬಿಟ್ಟು ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು.