ಬಲೆಯ ಇನ್ನೊಂದು ತುದಿ

"ಏ ಮುಂಡೆ, ಮೊದ್ಲು ಕೆಳಗಿಳಿ. ಮಾರೋ ಮಾಲಿನ ಮೇಲೆ ಕುಂಡಿ ಊರ್ಬಾರ್ದು."

ಸಿಗಡಿ ಶೆಡ್ಡಿನ ಧಣಿ ಟೇಪು ಹಿಡಿದು ದೋಣಿಯ ಉದ್ದ ಅಳೆಯುತ್ತಿದ್ದ. ಅವಳು ಇಳಿಯಲಿಲ್ಲ. ನೀರು ಜಿನುಗದಂತೆ, ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಹಲಗೆಯ ಸಂದಿಗೆ ತುರುಕಿ, ಉಳಿಯಿಟ್ಟು ಬಡಿಯುತ್ತಲೇ ಇದ್ದಳು. ಕೈಯೆಲ್ಲ ಡಾಂಬರು.

ಗಂಡ ಕಡಲಪಾಲಾಗಿ ಎಂಟು ತಿಂಗಳು. ಮನೆಗೆ ಎರಡು ದೋಣಿ. ದೊಡ್ಡದು ಮೈದುನನ ಕೈಯಲ್ಲಿ, ಈ ಚಿಕ್ಕದು ಗಂಡನದು. ಚಿಕ್ಕದು ಬಲೆಯ ಒಂದು ತುದಿ ಹಿಡಿದು ನಿಂತರೆ, ದೊಡ್ಡದು ಇನ್ನೊಂದು ತುದಿ ಎಳೆಯುತ್ತ ಮೀನಿನ ಸುತ್ತ ಬಳಸಿ ಬರಬೇಕು. ಚಿಕ್ಕದು ಹೋದರೆ ದೊಡ್ಡದು ಒಂಟೆತ್ತಿನ ಗಾಡಿ; ಧಣಿಯ ಬಲೆಗೆ ಕೂಲಿಗೆ ಹೋಗಬೇಕು, ಅಷ್ಟೆ.

"ಮರಳಲ್ಲಿ ಬಿದ್ದು ಕೊಳೀತಾ ಇದೆ ಅತ್ತಿಗೆ, ಕೊಟ್ಬಿಡೋಣ" ಎಂದ ಮೈದುನ. "ಇಂಜಿನ್ ದೋಣಿ ಚುಕ್ಕಾಣಿ ನನ್ ಕೈಗೇ ಕೊಡ್ತಾರಂತೆ."

"ಬೀಡಿ ಮಾವಂಗೂ ಹಂಗೇ ಅಂದಿದ್ರು."

ಬೀಡಿ ಮಾವ ಹೋದ ವರ್ಷ ಎರಡನೇ ದೋಣಿ ಮಾರಿದ್ದ. ಅದರ ಹಲಗೆಗಳು ಈಗ ಧಣಿಯ ಶೆಡ್ಡಿನಲ್ಲಿ ಮೇಜು. ಅದರ ಮೇಲೇ ಅವಳು ದಿನವೂ ಸಿಗಡಿ ಸುಲಿಯುತ್ತಿದ್ದಳು. ಚುಕ್ಕಾಣಿ ಹಿಡಿಯಲು ಹೋದ ಬೀಡಿ ಮಾವ ಧಣಿಯ ದೋಣಿಯ ತಳದಲ್ಲಿ ಕೂತು ನೀರು ಎತ್ತಿ ಚೆಲ್ಲುತ್ತಾನೆ.

"ಹುಟ್ಟು ಹಾಕೋಕೆ ಗಂಡ್ಸೆಲ್ಲಿದಾನೆ? ನೀನ್ ಹಾಕ್ತೀಯಾ? ಸೀರೆ ನೆರಿಗೆ ಹಿಡ್ಕೋ, ಸಾಕು!" ಎಂದ ಧಣಿ.

ದಡದಲ್ಲಿದ್ದವರು ಗೊಳ್ಳೆಂದರು. ಮೈದುನ ತುಟಿಯಲ್ಲಷ್ಟೇ ನಕ್ಕ. ಅದನ್ನೂ ಅವಳು ಕಂಡಳು. ಮದುವೆಯಾದ ಹೊಸದರಲ್ಲಿ, ದಡ ಬರಿದಾದ ಹೊತ್ತು ನೋಡಿ ಗಂಡ ಅವಳಿಗೆ ಹುಟ್ಟು ಹಾಕಲು ಕಲಿಸಿದ್ದ. ಯಾರ ಹತ್ರಾನೂ ಬಾಯಿ ಬಿಡ್ಬೇಡ ಎಂದಿದ್ದ. ಈಗ ಹೇಳಿಕೊಳ್ಳೋಣವೆಂದರೂ ಯಾರೂ ಇರಲಿಲ್ಲ.

ಧಣಿಯ ಗುಮಾಸ್ತ ಮಾರಾಟದ ಕಾಗದ ಚಾಚಿದ. ಧಣಿ ಅವಳ ಮಣಿಕಟ್ಟು ಎಳೆದ. "ಒತ್ತು ಹೆಬ್ಬೆಟ್ಟು."

"ಓದೋಕ್ ಬರುತ್ತೆ ನಂಗೆ" ಎಂದಳು. ದನಿ ಅವಳಿಗಷ್ಟೇ ಕೇಳಿಸುವಂತಿತ್ತು.

ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಓದಿ ನಾಲ್ಕಾಗಿ ಮಡಚಿದಳು. ಹಲಗೆಯ ಸಂದಿಗಿಟ್ಟು, ಮೇಲೆ ಹತ್ತಿ ತುರುಕಿ, ಉಳಿಯಿಟ್ಟು ಮೂರೇಟು ಹಾಕಿದಳು.

"ಲೇ ಬೋಳಿಮಗ್ಳೇ! ನಾಳೆಯಿಂದ ಶೆಡ್ಡಿಗೆ ಕಾಲಿಟ್ರೆ ಕಾಲ್ ಮುರೀತೀನಿ!"

ಅವಳು ಇನ್ನೊಂದು ಸಂದಿಗೆ ಹತ್ತಿ ಹೊಸೆಯತೊಡಗಿದಳು.

ಅದಾದ ನಾಲ್ಕನೆಯ ಬೆಳಿಗ್ಗೆ ದೋಣಿಯಡಿಗೆ ಒದ್ದೆ ದಿಮ್ಮಿ ಕೊಟ್ಟು ಒಬ್ಬಳೇ ತಳ್ಳಿದಳು. ಹತ್ತು ಗಂಡಸರು ಮರಳಲ್ಲಿ ಕೂತು ನೋಡಿದರು. ಕೈಕೊಡಲು ಒಬ್ಬನೂ ಏಳಲಿಲ್ಲ. ಬಲೆಯನ್ನು ತಾನೇ ಹೊತ್ತು ತುಂಬಿದಳು. ಗಂಡ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ಲಂಗರು ಬಿಟ್ಟಳು. ಅಂಗೈ ಸುಲಿದಿತ್ತು.

ಧಣಿಯ ಇಂಜಿನ್ ದೋಣಿ ಬಂತು. ಅದರ ಬೆನ್ನಿಗೇ ದೊಡ್ಡ ದೋಣಿ, ಅದರಲ್ಲಿ ಮೈದುನ.

"ತಮ್ಮಾ, ಹಿಡ್ಕೋ!"

ಬಲೆಯ ಹಗ್ಗ ಬೀಸಿ ಎಸೆದಳು. ಅದು ಅವನ ಮೊಣಕಾಲಿಗೆ ತಾಗಿತು. ಅವನು ಹಗ್ಗ ನೋಡಿದ, ಮುಂದಿನ ಇಂಜಿನ್ ದೋಣಿ ನೋಡಿದ, ಅವಳನ್ನು ಮಾತ್ರ ನೋಡಲಿಲ್ಲ. ಕಾಲಿನಿಂದ ಹಗ್ಗವನ್ನು ನೀರಿಗೆ ಸರಿಸಿದ. ಹುಟ್ಟಿನ ಸದ್ದು ದೂರವಾಯಿತು.

ಅವಳು ಹಗ್ಗ ಎಳೆದುಕೊಂಡಳು. ಹಿಂಡಿ ಸುರುಳಿ ಸುತ್ತಿದಳು. ದಡದ ಕಡೆಯಿಂದ ಇನ್ನೊಂದು ದೋಣಿ ಬರುತ್ತಿತ್ತು. ಯಾರದೆಂದು ಇನ್ನೂ ತಿಳಿಯುತ್ತಿರಲಿಲ್ಲ.

ಹಗ್ಗದ ತುದಿ ಹಿಡಿದು ಎದ್ದು ನಿಂತಳು.