ಪೋರ್ಟ್ ತೊಳೆದ ದಿನದ ಚಳಿ

ಅವ್ವನ ಎದೆಯ ಮೇಲ್ಭಾಗದಲ್ಲಿ, ಚರ್ಮದಡಿ, ಕ್ಯಾನ್ಸರ್ ಔಷಧಿಗೆಂದು ಕೂರಿಸಿದ ಪೋರ್ಟ್ ಎಂಬ ಪುಟ್ಟ ಡಬ್ಬಿ ಇತ್ತು, ಅದರ ಕೊಳವೆ ಹೃದಯದ ಹತ್ತಿರದ ರಕ್ತನಾಳಕ್ಕೆ ಹೋಗಿತ್ತು. ನರ್ಸ್ ಮಾದೇವಮ್ಮ ಕೊಳ್ಳೇಗಾಲದಿಂದ ನಮ್ಮೂರು ಕುಂತೂರಿಗೆ ಬಂದು, ಸಿರಿಂಜಿನಿಂದ ಉಪ್ಪುನೀರು ಹಾಯಿಸಿ ಅದನ್ನು ತೊಳೆದಾಗಲೆಲ್ಲ ಅವ್ವನಿಗೆ ಚಳಿಜ್ವರ. ನನಗೆ ಮಾದೇವಮ್ಮನ ಕೈಗಳ ಮೇಲೆಯೇ ಅನುಮಾನ.

ಆ ದಿನ ಕಣ್ಣು ಕೀಳದೆ ನೋಡಿದೆ. ಸೋಪಿನಿಂದ ಕೈ ತೊಳೆದರು, ಹೊಸ ಗ್ಲೌಸ್ ಹಾಕಿದರು, ಹೊಸ ಸಿರಿಂಜ್ ಬಿಚ್ಚಿದರು.

“ಏನವ್ವ, ಕಳ್ಳೀನ್ ಕಾದಂಗೆ ಕಾಯ್ತಿದ್ದೀಯಲ್ಲ,” ಎಂದು ನನ್ನತ್ತ ನೋಡಿ ನಕ್ಕರು.

ಅವರು ಹೊರಡುವಷ್ಟರಲ್ಲಿ ಅವ್ವ ಮತ್ತೆ ನಡುಗತೊಡಗಿದಳು. ನಾನು ಅವರ ಬ್ಯಾಗು ಹಿಡಿದೆ.

“ಅಕ್ಕ, ತೊಳ್ದಾಗೆಲ್ಲ ಇಂಗೇ ಆಯ್ತದೆ. ನಿಮ್ ಕೈಯಲ್ಲ, ಒಳಗಿರೋ ಅದ್ರಲ್ಲೇ ಏನೋ ಐತೆ.”

ಅವರ ನಗು ನಿಂತಿತು. “ಗಾಡಿ ಕರ್ಸು, ಈಗ್ಲೇ ಮೈಸೂರ್ಗೆ ಓಗವ.”

ಪೋರ್ಟಿನೊಳಗೆ ಸೇರಿದ್ದ ಸೋಂಕು ತೊಳೆದಾಗಲೆಲ್ಲ ರಕ್ತಕ್ಕೆ ಹರಿದು ಹೃದಯದ ಕವಾಟಕ್ಕೂ ಹತ್ತಿದೆ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಗೊತ್ತಾಯಿತು. ಡಾಕ್ಟರು ಪೋರ್ಟ್ ತೆಗೆದರು, ಅವ್ವ ಉಳಿಯುತ್ತಾಳೆ ಎಂದರು. ಈಗ ಅವಳ ಕೈಗೆ ಚುಚ್ಚಿರುವ ಸೂಜಿಯನ್ನು ಕಾಯುತ್ತ ಕೂತಿದ್ದೇನೆ.