ಒಂದು ವಾರಕ್ಕೆ ತಂದ ಸೈಲೆನ್ಸರ್

ನೆಂಟರ ಕೊನೆಯ ಕಾರು ಹಿಂದಿನ ಸಂಜೆ ಹೊರಟಿತ್ತು. ನನ್ನ ಗಂಡನನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಆ ಬೆಳಿಗ್ಗೆ ಮಾಡಲೇಬೇಕಾದ ಕೆಲಸ ಅಂತ ಇದ್ದದ್ದು ಒಂದೇ, ಕಸದ ಡಬ್ಬಿಯನ್ನು ಗೇಟಿನ ಹೊರಗಿಡುವುದು. ಅದು ಅವನ ಕೆಲಸವಾಗಿತ್ತು. ಇಟ್ಟೆ.

ಆಗ ಬ್ರೆಡ್ಡಿನವರು ಕಂಡರು. ಬೀದಿಯ ಕೆಳತುದಿಯ ಬೇಕರಿ ಅವರದು. ಹಳೆಯ ಮೋಟಾರ್‌ಸೈಕಲ್ಲಿನ ಎರಡೂ ಪಕ್ಕ ಪೆಟ್ಟಿಗೆ ಕಟ್ಟಿಕೊಂಡು ಬೆಳಿಗ್ಗೆ ಅಂಗಡಿಗಳಿಗೆ ಬ್ರೆಡ್ಡು ಹಾಕಿ ಬರುತ್ತಾರೆ. ಅವತ್ತು ಗಾಡಿಯ ಮೇಲೆ ಕೂತಿರಲಿಲ್ಲ. ತಲೆ ತಗ್ಗಿಸಿ, ಏರು ಬೀದಿಯುದ್ದಕ್ಕೂ ತಳ್ಳುತ್ತಿದ್ದರು. ನನ್ನನ್ನು ನೋಡಲಿಲ್ಲ. ತಿರುವು ದಾಟಿದ ಮೇಲೆ ಒದ್ದು ಸ್ಟಾರ್ಟ್ ಮಾಡಿದ್ದು ಕೇಳಿಸಿತು. ತಗಡಿನ ಚಾವಣಿಯ ಮೇಲೆ ಕಲ್ಲು ಸುರಿದ ಹಾಗಿತ್ತು ಆ ಸದ್ದು. ಅದು ನನಗೆ ಗೊತ್ತಿದ್ದ ಸದ್ದೇ. ನಮ್ಮ ಗಾಡಿಯ ತೂತುಬಿದ್ದ ಸೈಲೆನ್ಸರ್ ಅವರ ಗಾಡಿಯಲ್ಲಿತ್ತು. ಅವರದು ನಮ್ಮ ಗಾಡಿಯಲ್ಲಿತ್ತು.

ನಮ್ಮದು ಅದೇ ಕಂಪನಿಯ ದೊಡ್ಡ ಮಾಡೆಲ್ಲು. ಅದರ ಸೈಲೆನ್ಸರ್ ಮಾಡುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷವಾಯಿತಂತೆ. ಚಿಕ್ಕ ಮಾಡೆಲ್ಲಿನದು ಈಗಲೂ ಅಲ್ಲಿ ಇಲ್ಲಿ ಸಿಗುತ್ತದೆ. ಅದು ನಮ್ಮದಕ್ಕೆ ಒಗ್ಗುತ್ತದೋ ಇಲ್ಲವೋ ನೋಡಬೇಕಿತ್ತು ಅವನಿಗೆ. ಒಗ್ಗಿದರೆ ಅಂಥದ್ದೊಂದು ಹುಡುಕುವುದು, ಅಲ್ಲಿಯವರೆಗೆ ಒಂದು ವಾರ ಅದಲುಬದಲು ಅಂತ ಬ್ರೆಡ್ಡಿನವರನ್ನು ಒಪ್ಪಿಸಿದ್ದ. ಇಂಜಿನ್ನಿಗೆ ಸೇರುವ ಬಾಯಿ ಎರಡರದೂ ಒಂದೇ ಅಳತೆ, ಆದರೆ ಹಿಂದೆ ನೇತುಹಾಕುವ ಬೋಲ್ಟು ಎರಡು ಬೆರಳಿನಷ್ಟು ಆಚೀಚೆ. "ಗಂಟಲು ಒಂದೇ, ಸೊಂಟ ಬೇರೆ," ಅಂದಿದ್ದ. ಅತ್ತೆ ಅಡುಗೆಮನೆಯಿಂದಲೇ, "ತಮ್ಮನ ಚಡ್ಡಿ ಅಣ್ಣ ಹಾಕ್ಕೊಂಡ ಹಾಗೆ ಅನ್ನು," ಅಂದಿದ್ದರು. ಅವನು ಕಬ್ಬಿಣದ ಪಟ್ಟಿ ಕತ್ತರಿಸಿ, ಎರಡು ತೂತು ಕೊರೆದು, ಆ ಅಂತರ ತುಂಬಿದ. ಆರನೆಯ ದಿನ ತಾನು ಕೆಲಸ ಮಾಡುತ್ತಿದ್ದ ಅಚ್ಚುಕೂಟದಲ್ಲಿ ಕಾಗದದ ಕಟ್ಟು ಎತ್ತುವಾಗ ಕುಸಿದ. ಹೃದಯ, ಅಂದರು. ಮೂವತ್ತೆರಡು ವಯಸ್ಸು.

ನಾನು ಸ್ಪ್ಯಾನರ್ ಹುಡುಕಿ ಶೆಡ್ಡಿಗೆ ಹೋದೆ. ಇಂಜಿನ್ನಿನ ಬಾಯಿಗೆ ಎರಡು ನಟ್ಟು. ಮೊದಲನೆಯದಕ್ಕೆ ಎಷ್ಟು ಜೋತುಬಿದ್ದರೂ ಅಲುಗಲಿಲ್ಲ. ತಲೆ ಎತ್ತಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ದಿನಾ ಮಧ್ಯಾಹ್ನ ಅಲ್ಲಿ ಸ್ಟೂಲು ಹಾಕಿಕೊಂಡು ಗಾಡಿಯ ಪಕ್ಕ ಕೂರುವುದನ್ನು ಅವರು ಶುರುಮಾಡಿದ್ದರು.

"ಏನು ಮಾಡ್ತಿದೀಯ?"

"ಇದು ಬ್ರೆಡ್ಡಿನವರದು ಅತ್ತೆ. ವಾಪಸ್ ಕೊಡಬೇಕು."

"ಅವರು ಕೇಳಿದ್ರಾ?"

"ಇಲ್ಲ."

"ಕೇಳದೇ ಇರೋದನ್ನ ಕೊಡೋಕೆ ನಿನಗೇನು ಅವಸರ? ನನ್ನ ಮಗ ಬಿಗಿದ ನಟ್ಟು ಅದು. ಕಡೇ ಸಲ ಕೈಯಿಟ್ಟು ಮಾಡಿದ ಕೆಲಸ. ಒಂದು ನಟ್ಟು ಬಿಚ್ಚಿದ್ರೂ ನನ್ನಾಣೆ."

ಸ್ಪ್ಯಾನರ್ ಕೆಳಗಿಟ್ಟೆ. ಸುಳ್ಳು ಯಾಕೆ, ನನಗೂ ಸಮಾಧಾನವೇ ಆಯಿತು. ಅವನು ಸೇರಿಸಿಟ್ಟದ್ದು ಸೇರಿಸಿಟ್ಟ ಹಾಗೇ ಇರುವ ಜಾಗ ಮನೆಯಲ್ಲಿ ಅದೊಂದೇ ಉಳಿದಿತ್ತು. ಅವನ ಬಟ್ಟೆಗಳನ್ನು ನೆಂಟರ ಜೊತೆ ಬಂದಿದ್ದ ಅತ್ತಿಗೆ ಮಡಚಿ ಒಯ್ದಿದ್ದಳು. ಮೇಜನ್ನು ಯಾರೋ ಒರೆಸಿದ್ದರು.

ಮರುದಿನ ಬೆಳಿಗ್ಗೆ ಯಾಕೆಂದು ಹೇಳದೆ ಅತ್ತೆಯನ್ನು ಗೇಟಿನ ಹತ್ತಿರ ಕರೆದೆ. ಬ್ರೆಡ್ಡಿನವರು ಏರು ಹತ್ತುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮನ್ನು ಕಂಡು ನಿಂತರು, ಗಾಡಿಯನ್ನು ಸೊಂಟಕ್ಕೆ ಒರಗಿಸಿಕೊಂಡರು.

"ಏನಪ್ಪಾ, ಗಾಡಿ ಕೆಟ್ಟಿದ್ಯಾ?" ಅಂದರು ಅತ್ತೆ.

"ಇಲ್ಲಮ್ಮ, ವ್ಯಾಯಾಮ. ಈ ಹೊಟ್ಟೆ ನೋಡಿ. ಬ್ರೆಡ್ಡು ಮಾರೋನು ಬ್ರೆಡ್ಡಿನ ಥರಾನೇ ಉಬ್ಬಿದೀನಿ ಅಂತ ಡಾಕ್ಟರು ಬೈದ್ರು."

"ಎಷ್ಟು ದಿನದಿಂದ?"

ಅವರು ಪೆಟ್ಟಿಗೆಯ ಹಗ್ಗ ಸರಿಮಾಡುತ್ತ, "ಹೀಗೇ... ಒಂದು ಹತ್ತು ದಿನದಿಂದ," ಅಂದರು. "ಊಟ ಮಾಡ್ತಿದೀರಾ ಅಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಳ್ಳಿಕೊಂಡು ಹೋದರು. ತಿರುವಿನಾಚೆ ಆ ಸದ್ದು ಎದ್ದಿತು. ಅತ್ತೆ ಗೇಟಿನ ಕಂಬಿ ಹಿಡಿದು, ಅದು ಪೂರ್ತಿ ಅಡಗುವವರೆಗೆ ನಿಂತರು.

"ನಮ್ಮ ಮನೆ ಮುಂದೆ ಸದ್ದಾಗಬಾರದು ಅಂತ," ಎಂದೆ.

"ನನಗೂ ಕಿವಿ ಇದೆ," ಅಂದರು. ಕಂಬಿ ಬಿಟ್ಟು ಶೆಡ್ಡಿನ ಕಡೆ ತಿರುಗಿ, "ಬಾ."

ಶೆಡ್ಡಿನಲ್ಲಿ ಅವರು ನೆಲದ ಮೇಲೆ ಕೂತರು. ನಾನು ಸ್ಪ್ಯಾನರ್ ಹಾಕಿ ಒತ್ತಿದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಎರಡು ಡಿಗ್ರಿ ಮಾಡಿದೀಯ, ಬಿಚ್ಚೋದು ಯಾವ ಕಡೆಗೆ ಅಂತ ಗೊತ್ತಿಲ್ವಾ? ನಿನ್ನೆಯಿಂದ ಬಿಗೀತಾ ಇದೀಯ."

"ನಿನ್ನೆ ಯಾಕೆ ಹೇಳಲಿಲ್ಲ?"

"ಹೇಳಿದ್ದಿದ್ರೆ ನೀನು ಬಿಚ್ಚಿಬಿಡ್ತಿದ್ದೆ."

ಇಬ್ಬರೂ ನಕ್ಕೆವು. ಆ ಮನೆಯಲ್ಲಿ ಯಾರೂ ನಕ್ಕು ಹತ್ತು ದಿನವಾಗಿತ್ತು. ಆಮೇಲೆ ಅತ್ತೆ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು, ಇಬ್ಬರೂ ಸೇರಿ ಎಳೆದೆವು. ನಟ್ಟು ಕಿರುಗುಟ್ಟಿ ಬಿಟ್ಟುಕೊಂಡಿತು. ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ. ಹಿಂದಿನ ಬೋಲ್ಟು ತೆಗೆದಾಗ ಅವನು ಮಾಡಿದ ಪಟ್ಟಿ ಸೈಲೆನ್ಸರಿನ ಜೊತೆ ಬಂತು. ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದ್ದ, ಯಾರೂ ನೋಡದ ಒಳಬದಿಯನ್ನೂ.

"ಇದು ಯಾರಿಂದಾನೂ ತಂದದ್ದಲ್ಲ," ಅಂದರು ಅತ್ತೆ. ಅದನ್ನು ಒರೆಸಿ ತಮ್ಮ ಕನ್ನಡಕದ ಡಬ್ಬಿಯಲ್ಲಿಟ್ಟು ಮುಚ್ಚಿದರು.

ಸೈಲೆನ್ಸರನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬೀದಿ ಇಳಿದೆ. ಬೇಕರಿಯ ಹಿತ್ತಲಲ್ಲಿ ಬ್ರೆಡ್ಡಿನವರು ಖಾಲಿ ಟ್ರೇ ಕೊಡವುತ್ತಿದ್ದರು. ಟವೆಲ್ ನೋಡಿದ ಕೂಡಲೇ ಏನೆಂದು ಗೊತ್ತಾಯಿತು ಅವರಿಗೆ.

"ಅಯ್ಯೋ, ಇದಕ್ಕೇನು ಅವಸರ ಇತ್ತಮ್ಮ?"

"ಒಂದು ವಾರ ಅಂದಿದ್ದ."

ಅವರು ಟ್ರೇ ಕೆಳಗಿಟ್ಟು, ಹಿಟ್ಟಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಆದರೆ ತಗೊಳ್ಳಲಿಲ್ಲ. ಏನನ್ನೋ ಕೇಳಬೇಕು, ಕೇಳಬಾರದು ಅನ್ನುವವರಂತೆ ನಿಂತರು.

"ತಪ್ಪು ತಿಳ್ಕೋಬೇಡಿ. ಓಡಿಸಿ ನೋಡಿ ಹೇಳ್ತೀನಿ ಅಂದಿದ್ದ. ಅವನು ಸಿಕ್ಕಾಗೆಲ್ಲ ಕೇಳೋಣ ಅನ್ಕೊಂಡು ಮರೀತಿದ್ದೆ. ಒಗ್ಗಿತಾ ಅದು?"

ಅವನ ಬಗ್ಗೆ ಹತ್ತು ದಿನದಿಂದ ಎಲ್ಲರೂ ನನ್ನನ್ನು ಕೇಳಿದ್ದರು. ಕೊನೆಗೆ ಏನಂದ, ಮೊದಲೇ ನೋವಿತ್ತಾ, ಯಾರಿಗೂ ಹೇಳಿರಲಿಲ್ಲವಾ. ಯಾವುದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಇದಕ್ಕೆ ಇತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದವಳು ನಾನು.

"ಬಯಲಲ್ಲಿ ಚೆನ್ನಾಗಿ ಓಡುತ್ತೆ," ಎಂದೆ. "ಏರಿನಲ್ಲಿ, ಮೂರನೇ ಗೇರಲ್ಲಿ ಸ್ವಲ್ಪ ಮುಗ್ಗರಿಸುತ್ತೆ. ಅಲ್ಲಿ ನನ್ನನ್ನ ಇಳಿಸಿ ನಡೆಸಿದ. ಗಾಡಿಗೆ ಏನೂ ಆಗಿಲ್ಲ, ನೀನೇ ದಪ್ಪ ಆಗಿದೀಯ ಅಂದ. ಮೇಲೆ ಹೋಗಿ ನಿಂತು, ನಾನು ಬರೋವರೆಗೂ ನಗ್ತಾ ಇದ್ದ." ಜಾರುತ್ತಿದ್ದ ಟವೆಲನ್ನು ಮತ್ತೆ ಸುತ್ತಿದೆ. ಮುಗಿಸಬೇಕಿತ್ತು. "ಸಣ್ಣ ಗಾಡಿಯದು ದೊಡ್ಡದಕ್ಕೆ ಆಗುತ್ತೆ ಅಂದ. ಕಾರ್ಬುರೇಟರ್ ಒಂಚೂರು ಸರಿಮಾಡಬೇಕು, ಅಷ್ಟೇ. ಖುಷಿಯಾಗಿದ್ದ."

ಬ್ರೆಡ್ಡಿನವರು ತಲೆಯಾಡಿಸಿದರು. ಆಮೇಲೆ ಎರಡೂ ಕೈ ಚಾಚಿದರು. ನಾನು ಕೊಟ್ಟೆ.